ಫಿಲ್ಲರ್

ನಮ್ಮ ಸ್ಟುಡಿಯೋದಲ್ಲಿ ಮೌನ ಅಂದರೆ ಅಪರಾಧ.
ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಮೆಮೊ.
ಅದಕ್ಕೇ ಟರ್ನ್‌ಟೇಬಲ್ಲಿನ ಪಕ್ಕ ಸದಾ ಒಂದು ತಟ್ಟೆ:
ಕೃಷಿರಂಗ ಬೇಗ ಮುಗಿದರೆ,
ದೆಹಲಿಯ ವಾರ್ತೆ ತಡವಾದರೆ,
ಭಾಷಣಕಾರರು ಕೆಮ್ಮುತ್ತ ಎದ್ದುಹೋದರೆ
ಬಿರುಕಿಗೆ ಮೆತ್ತುವ ಗಾರೆ.
ಫಿಲ್ಲರ್ ಅನ್ನುತ್ತಿದ್ದೆವು.

ನಾನು ಭದ್ರಾವತಿಯಲ್ಲಿ ಕೆಲಸಕ್ಕೆ ಸೇರುವಾಗಲೇ
ಅದು ಅಲ್ಲಿತ್ತು. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ
ಯಾರೋ ಬಿಳಿ ಫೋರ್ಮನ್ ಬಿಟ್ಟುಹೋದದ್ದಂತೆ,
ಗೆಸ್ಟ್‌ಹೌಸಿನ ಅಡುಗೆಯವನು ತಂದುಕೊಟ್ಟದ್ದಂತೆ.
ಕವರಿನ ಹಿಂದೆ ಸಣ್ಣಕ್ಷರದಲ್ಲಿ ಒಂದು ಬದುಕು;
ಅಕ್ಷರಗಳ ತಲೆಯ ಮೇಲೆ ಕೊಕ್ಕೆ, ಗೀಟು, ಪುಟ್ಟ ಟೋಪಿ.
ಯಾರೂ ಓದಿರಲಿಲ್ಲ.

ಓದಿಸಿದೆ. ಡ್ರಾಯಿಂಗ್ ಆಫೀಸಿನ ವಿರೂಪಾಕ್ಷಯ್ಯ,
ಆ ದೇಶದಲ್ಲಿ ಹದಿನಾಲ್ಕು ತಿಂಗಳು ತರಬೇತಿ ಪಡೆದು
ಒಂದು ಉಣ್ಣೆ ಕೋಟು, ಒಂದು ನಿಘಂಟು, ಅರ್ಧ ಭಾಷೆ ತಂದವರು.
ಕ್ಯಾಂಟೀನಿನಲ್ಲಿ ಮೂರು ಮಧ್ಯಾಹ್ನ
ಮಂಡಕ್ಕಿ ಮೆಲ್ಲುತ್ತ ಬಿಡಿಸಿ ಹೇಳಿದರು:

ಮಾತೂಶ್ ತೃನೊವೆತ್ಸ್. ಸ್ಲೊವಾಕಿಯಾದ ಒಂದು ಗಣಿಯೂರು.
ಅಪ್ಪ ಕುಲುಮೆಯವನು.
ಇಲ್ಲಿ ನಾನು ನೆಟ್ಟಗೆ ಕೂತೆ; ನನ್ನಪ್ಪನೂ.
ಕುರಿ ಕಾಯುವ ಅಜ್ಜನಿಗೆ ಆಳೆತ್ತರದ ಕೊಳಲು,
ಹುಡುಗ ಬೆರಳು ಎಟುಕದೆ ಅತ್ತನಂತೆ.
ಪಟ್ಟಣದಲ್ಲಿ ಕಲಿತರು, ನಾಲ್ಕು ತಂತಿವಾದ್ಯಗಳಿಗೆ ಬರೆದರು,
ಒಂದು ಮದುವೆ, ಒಂದು ಕೆಟ್ಟ ಶ್ವಾಸಕೋಶ.
ಮುಂದಿನ ಸಾಲಿನಲ್ಲಿ ವಿರೂಪಾಕ್ಷಯ್ಯ ತಡೆದರು.
ನಿಘಂಟು ತೆರೆದರು, ಮುಚ್ಚಿದರು.
‘ಆಮೇಲೆ ಒಂಬತ್ತು ವರ್ಷ ಮಕ್ಕಳಿಗೆ ಸ್ವರ ಕಲಿಸಿದರು’ ಅಂತಿದೆ.
ಯಾಕೆ ಅಂತ ಇಲ್ಲ.
ಮೌನವನ್ನು ಅಚ್ಚುಹಾಕುವುದು ಹೇಗೆಂದು
ಆವತ್ತು ಗೊತ್ತಾಯಿತು.

ಆ ಹೆಸರು ಆಫೀಸಿನ ಟೈಪ್‌ರೈಟರಿಗೆ ಒಗ್ಗಲಿಲ್ಲ:
ಟೀ, ಆರ್, ಎನ್, ನಡುವೆ ಉಸಿರಿಗೆ ಜಾಗವಿಲ್ಲ.
ನಮ್ಮಲ್ಲಿ ಸಲೀಸು. ತಕಾರಕ್ಕೊಂದು ವಟ್ರಸುಳಿ.
ಅವರ ಮಾತಿನಲ್ಲಿ ಆ ಬೇರಿಗೆ ಮುಳ್ಳು ಅಂತ ಅರ್ಥವಂತೆ,
ನಮ್ಮದರಲ್ಲಿ ಹುಲ್ಲು.
ಕಾರ್ಡು ಬರೆದು ಡ್ರಾಯರಿನಲ್ಲಿ
ತುಳು ಪಾಡ್ದನಗಳು ಮುಗಿದು
ತೆಲುಗು ಜಾವಳಿ ಶುರುವಾಗುವ ಮುಂಚೆ
ಅವರನ್ನು ಕೂರಿಸಿದೆ.

ಎರಡನೆಯ ಭಾಗದಲ್ಲಿ ಚೆಲ್ಲೊ
ಎರಡು ಮೆಟ್ಟಿಲು ಹತ್ತಿ ಒಂದು ಇಳಿಯುತ್ತದೆ.
ಮೇಲೆ ಪಿಟೀಲು ಕಾಯುತ್ತದೆ, ಕೈ ಚಾಚುವುದಿಲ್ಲ.
ಕೊನೆಗೆ ನಾಲ್ವರೂ ಒಂದೇ ಸ್ವರದ ಮೇಲೆ ಬಂದು ನಿಲ್ಲುತ್ತಾರೆ:
ಅದು ಪಾಳಿ ಬದಲಾಗುವ ಸೈರನ್ನು!
ಶ್ರುತಿಪೆಟ್ಟಿಗೆ ತಂದು ಹೋಲಿಸಿದೆ.
ಎರಡು ಗಂಟೆಗೆ ನಮ್ಮ ಕಾರ್ಖಾನೆ ಕೂಗುವುದಕ್ಕಿಂತ
ಒಂದು ಕೂದಲು ಕೆಳಗೆ, ಅಷ್ಟೇ.

ಒಮ್ಮೆ ರಿಪ್ಪನ್‌ಪೇಟೆಯಿಂದ ಕಾರ್ಡು, ದರ್ಜಿ ಹಯಾತ್ ಸಾಬರದು:
‘ಶುಂಠಿ ರೇಟು ಹೇಳೋಕೆ ಮುಂಚೆ
ತುಂಬಿದ ಕೊಡ ಹೊತ್ತು ಯಾರೋ ಮೆಟ್ಲು ಹತ್ತಿದಂಗೆ
ಒಂದು ಬರ್ತದಲ್ಲ, ಅದಕ್ಕೆ ಮಿಷಿನ್ ತುಳಿಯೋ ಕಾಲು ನಿಧಾನ ಆಗ್ತದೆ.
ಅರ್ಧಕ್ಕೆ ಕಡೀತೀರಿ. ಮುಂದೆ ಏನಾಗ್ತದೆ ತಿಳಿಸಿ.’

ಕೋರಿಕೆಯಲ್ಲಿ ಇದಕ್ಕೆ ಜಾಗವಿಲ್ಲ ಅಂದರು ಮೇಲಿನವರು.
ಫಿಲ್ಲರಿಗೆ ಹೆಸರು ಹೇಳುವ ಪದ್ಧತಿಯೂ ಇಲ್ಲ.
ಸರಿ. ಒಂದು ಮಂಗಳವಾರ
ಶುಂಠಿ ದರದ ಹಾಳೆ ಕಳೆದುಹೋಯಿತು.
ಎಲ್ಲಿ ಹೋಯಿತೆಂದು ಈಗಲೂ ಕೇಳಬೇಡಿ.
ಆರು ನಿಮಿಷ ನಲವತ್ತು ಸೆಕೆಂಡು, ಪೂರ್ತಿ,
ಸಾಗರದ ಕ್ಷೌರದಂಗಡಿಗಳಿಗೆ, ಹೊಸನಗರದ ಹೋಟೆಲುಗಳಿಗೆ,
ಕೋಣಂದೂರಿನ ಸೈಕಲ್ ಶಾಪಿಗೆ
ಕೊಡ ಹೊತ್ತವರು ಹತ್ತಿದರು.
ಕೊನೆಯಲ್ಲಿ ಫೇಡರ್ ಎತ್ತಿ ಹೆಸರು ಹೇಳಿದೆ,
ವಟ್ರಸುಳಿ ಸಮೇತ.

ಮೆಮೊ ಬಂತು. ಇಟ್ಟುಕೊಂಡಿದ್ದೇನೆ.
ಹಯಾತ್ ಸಾಬರು ಮತ್ತೆ ಬರೆಯಲಿಲ್ಲ.
ಆವತ್ತು ಅಂಗಡಿಗೆ ರಜೆಯಿತ್ತೋ ಏನೋ.

ಈಗ ಸೈರನ್ನೂ ಇಲ್ಲ.
ಎರಡು ಗಂಟೆಯ ಹೊತ್ತಿಗೆ, ಪಾತ್ರೆ ತೊಳೆಯುವಾಗ,
ಗಂಟಲು ತಾನಾಗಿ ಆ ಸ್ವರ ಹಿಡಿಯುತ್ತದೆ.
ಶ್ರುತಿಪೆಟ್ಟಿಗೆ ತೆಗೆದು ನೋಡಿದೆ ಮೊನ್ನೆ.
ಒಂದು ಕೂದಲು ಕೆಳಗೆ.
ಅಂದರೆ ಅವರದೇ.