ತಟ್ಟೆ ಎತ್ತದ ರಾತ್ರಿ

ಈ ಸಲ ಫೋನಿನಲ್ಲೇ ಹೇಳಿಬಿಟ್ಟೆ ಎಲ್ಲರಿಗೂ:
ಹದಿನಾಲ್ಕು ಬಗೆ ಇಲ್ಲ. ಮೀನು ಒಂದು,
ಆಲೂಗಡ್ಡೆ, ಕೋಸು, ಬೇಯಿಸಿದ ಮೊಟ್ಟೆ,
ಮೇಲೆ ಕೈತುಂಬ ಆಲಿವ್ ಎಣ್ಣೆ. ಅಷ್ಟೆ.
ಆ ಕಡೆ ಅತ್ತಿಗೆ ದೆಯೊಲಿಂದಾ
ಸ್ವಲ್ಪ ಹೊತ್ತು ಉಸಿರೇ ಎತ್ತಲಿಲ್ಲ.
ಆಮೇಲೆ, "ಗ್ರಾಸಿಯೆತ್, ಮೈಗೆ ಹುಷಾರಿದೆ ತಾನೆ?"

ಹುಷಾರಿದೆ.
ಪೋರ್ತೊ ಪಟ್ಟಣದ ನಾಲ್ಕನೇ ಮಹಡಿ,
ಲಿಫ್ಟಿಲ್ಲದ ಮನೆ, ಅರವತ್ತೊಂದರ ಮೊಣಕಾಲು.
ಕ್ರಿಸ್ಮಸ್ ಕೂಡ ಹಾಸಿಗೆ ಇದ್ದಷ್ಟೇ ಕಾಲು ಚಾಚಲಿ.

ಉಪ್ಪು ಹಾಕಿ ಒಣಗಿಸಿದ ಮೀನು ಹಲಗೆಯಷ್ಟು ಬಿರುಸು.
ಮೂರು ದಿನ ನೀರಲ್ಲಿರಬೇಕು.
ಬೆಳಿಗ್ಗೆ ಸಂಜೆ ನಲ್ಲಿ ತಿರುಗಿಸುವುದಷ್ಟೇ ನನ್ನ ಪಾಲು.
ಮಿಕ್ಕಿದ್ದನ್ನು ಅದು ತಾನಾಗಿ ಬಿಟ್ಟುಕೊಡುತ್ತದೆ,
ಅತ್ತು ಸುಸ್ತಾದ ಮಗು ಹಟ ಬಿಡುವ ಹಾಗೆ.

ಹಾಲಲ್ಲಿ ಅದ್ದಿದ ಬ್ರೆಡ್ಡು ಹಿಂದಿನ ದಿನವೇ ಕರಿದಿಟ್ಟೆ,
ದಾಲ್ಚಿನ್ನಿ ಸಕ್ಕರೆ ಉದುರಿಸಿ.
ಕೇಕು ಮೂಲೆಯ ಬೇಕರಿಯದು.
ನಾನೇ ಮಾಡಿದ್ದೆಂದು ಸುಳ್ಳು ಹೇಳುವುದಿಲ್ಲ,
ಡಬ್ಬಿಯನ್ನು ಮಾತ್ರ ಮಂಚದ ಕೆಳಗೆ ತಳ್ಳಿದೆ.

ಇನ್ನು ಚಂದದ ಮಾತು.
ಅಮ್ಮನ ಲಿನನ್ ಬಟ್ಟೆಗೆ ಇಸ್ತ್ರಿ ಹಾಕಲಿಲ್ಲ,
ಹಸಿಹಸಿಯಾಗೇ ಹಾಸಿ ಅಂಗೈಯಲ್ಲಿ ನೀವಿದೆ.
ಸುಕ್ಕು ಉಳಿದರೆ ಉಳಿಯಲಿ, ನನ್ನಲ್ಲೂ ಉಳಿದಿದೆ.
ಯಾವುದೋ ವರ್ಷದ ವೈನಿನ ಕಲೆಯ ಮೇಲೆ
ಎಲೆಸಮೇತ ಕಿತ್ತಳೆಯ ಬಟ್ಟಲು.
ತಟ್ಟೆಗಳಿಗೆ ಜೊತೆಯಿಲ್ಲ: ಒಂದಕ್ಕೆ ನೀಲಿ ಅಂಚು,
ಒಂದರಲ್ಲಿ ಕೊಕ್ಕು ಅಳಿಸಿಹೋದ ಹಕ್ಕಿ.
ಮೇಲಿನ ದೀಪ ಆರಿಸಿ ಮೂರು ಮೇಣದಬತ್ತಿ ಹಚ್ಚಿದೆ.
ಆ ಬೆಳಕಲ್ಲಿ ಗೋಡೆಯ ಬಿರುಕೂ
ಯಾರೋ ಬೇಕೆಂದೇ ಬರೆದ ಹಾಗೆ.

ಅಣ್ಣ ಅಬೀಲಿಯೊ ಏದುಸಿರಲ್ಲಿ ವೈನ್ ತಂದ.
ಕೆಳಮನೆಯ ತೊಮೆ, ಟ್ರಾಮ್ ಓಡಿಸುವವನು,
ಬೆಳಿಗ್ಗೆ ಐದಕ್ಕೆ ಪಾಳಿ ಎನ್ನುತ್ತಲೇ ಕುಳಿತ.
ಬರಿಗೈಲಿ ಬಾ ಅಂದಿದ್ದೆ;
ದೆಯೊಲಿಂದಾ ಮೂರು ಡಬ್ಬಿ, ಒಂದು ಏಪ್ರನ್ನು.

ಉಂಡೆವು. ಮೊದಲು ಮಾತಿಲ್ಲದೆ,
ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತ,
ಎಣ್ಣೆ ಗಲ್ಲಕ್ಕಿಳಿದದ್ದು ಯಾರೂ ನೋಡಲಿಲ್ಲ.

ಇನ್ನೂ ತುತ್ತು ಗಂಟಲಲ್ಲಿರುವಾಗಲೇ
ದೆಯೊಲಿಂದಾ ಎದ್ದಳು. ತಟ್ಟೆಯ ಮೇಲೆ ತಟ್ಟೆ, ಠಣ್.
"ಬಿಡು," ಎಂದೆ. "ಅಮ್ಮನ ಬೆಟ್ಟದೂರಲ್ಲಿ
ಇವತ್ತು ರಾತ್ರಿ ಮೇಜು ಎತ್ತುತ್ತಿರಲಿಲ್ಲ.
ಹೋದವರು ಬರುತ್ತಾರೆ. ಅವರಿಗೂ ಹಸಿವು."
"ಅದನ್ನೆಲ್ಲ ನಂಬುತ್ತೀಯಾ?" ಅಣ್ಣ ಕೇಳಿದ.
"ಪಾತ್ರೆ ತೊಳೆಯುವುದು ತಪ್ಪುವುದಾದರೆ
ಏನನ್ನು ಬೇಕಾದರೂ ನಂಬುತ್ತೇನೆ."

ನಕ್ಕರು. ದೆಯೊಲಿಂದಾ ಕೂಡ.
ನಗು ಅರ್ಧಕ್ಕೆ ನಿಂತಿತು.
ನಮ್ಮಿಬ್ಬರಿಗೂ ಒಟ್ಟಿಗೆ ಕಂಡಿರಬೇಕು ಅವಳು:
ಒಲೆಯ ಪಕ್ಕ ನಿಂತೇ, ಬಾಣಲೆಯಿಂದಲೇ
ಮೀನಿನ ಬಾಲದ ತುಂಡು ತಿನ್ನುವ ಅಮ್ಮ.
ಏಳು ಕುರ್ಚಿ ಇದ್ದವು ಆ ಮನೆಯಲ್ಲಿ, ಏಳು ಜನ ನಾವು,
ಲೆಕ್ಕ ಸರಿಯಿತ್ತು, ಅವಳನ್ನು ಬಿಟ್ಟು.
ಹದಿನಾಲ್ಕು ಬಗೆ ಮಾಡುವುದನ್ನೂ
ನಿಂತು ಉಣ್ಣುವುದನ್ನೂ
ಸೊಸೆ ಕಲಿತದ್ದು ಅವಳಿಂದಲೇ.

ದೆಯೊಲಿಂದಾ ಏಪ್ರನ್ನಿನ ಗಂಟು ಬಿಚ್ಚಿದಳು.
ಕುರ್ಚಿಯ ಬೆನ್ನಿಗೆ ಹಾಕಿ, ಅದರಲ್ಲೇ ಕುಳಿತು,
ಒಂದು ಕಿತ್ತಳೆ ಸುಲಿಯತೊಡಗಿದಳು
ಸಿಪ್ಪೆ ಕಡಿಯದ ಹಾಗೆ, ತುಂಬ ನಿಧಾನ.

ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದೆ.
ಮುಳ್ಳು, ಚೂರು, ಹೆಪ್ಪುಗಟ್ಟಿದ ಮೇಣ,
ಮರೆತುಹೋದ ಏಪ್ರನ್ನು,
ಅದಿದ್ದ ಕುರ್ಚಿ ಮೇಜಿನಿಂದ ಒಂದು ಗೇಣು ಆಚೆ.
ಏಳುವಾಗ ಅವಳೇ ಸರಿಸಿದ್ದು, ಗೊತ್ತು.
ಒಳಗೆ ನೂಕಲಿಲ್ಲ.

ಬೆಳಿಗ್ಗೆ ಉಳಿದ ಮೀನು, ಆಲೂಗಡ್ಡೆ, ಕೋಸು
ಬೆಳ್ಳುಳ್ಳಿಯ ಎಣ್ಣೆಯಲ್ಲಿ ಬಾಡಿಸಿದರೆ ಮಧ್ಯಾಹ್ನದ ಊಟ.
'ಹಳೆ ಬಟ್ಟೆ' ಅಂತಲೇ ಅದರ ಹೆಸರು ನಮ್ಮಲ್ಲಿ;
ಹೊಸದಕ್ಕಿಂತ ಮೈಗೆ ಹತ್ತಿರ.
ಫೋನು. ದೆಯೊಲಿಂದಾ. "ಬೆಳ್ಳುಳ್ಳಿ ನಾನು ತರಲೇ?"
"ಹಸಿವು ತಾ, ಸಾಕು," ಎಂದೆ.
"ಬಾಗಿಲು ತೆರೆದೇ ಇರುತ್ತದೆ.
ಮೆಟ್ಟಿಲು ಮಾತ್ರ ಎಪ್ಪತ್ತೆರಡು,
ಅದಕ್ಕೆ ನಾನೇನೂ ಮಾಡಲಾರೆ."