ಉದ್ರಿ ವಹಿ

ಮಿರಜಿನಾಗ ಕರೆಂಟ್ ಕೊಟ್ಟ ಮ್ಯಾಲ
ಮಾವನ ಬಾಯಿ ಪೂರಾ ಹುಣ್ಣು,
ಗಂಜಿನೂ ಕೆಂಡ.
ನನ್ನ ಕೂಸಿಗೆ ಆರು ತಿಂಗಳು.
ಡಾಕ್ಟರ್ ಹೂಂ ಅನಲಿಲ್ಲ, ಬ್ಯಾಡ ಅನಲಿಲ್ಲ;
ಅತ್ತಿ ಮಾತ್ರ ಬೆಳ್ಳಿ ಬಟ್ಟಲ ತೊಳದು
ಬಾಗಿಲಾಗ ಇಟ್ಟು ಹೋದಳು.

ಅವರು ಎದುರಿಗೆ ಬಂದರ ಸೆರಗು ಜಗ್ಗಾಕಿ ನಾನು.
ಈಗ ಒಳಗ ಕೂತು ಹಿಂಡೋದು,
ಬೆಚ್ಚಗಿರೂತನಾ ಕಳಸೋದು.
ಗ್ವಾಡಿ ಕಡೆ ಹೊಳ್ಳಿ ಕುಡದು
ಉರಿ ಇಳೀತು ಅಂತ ಕೈಸನ್ನಿ.
ಖರೇನ ಇಳೀತೋ, ನನ್ನ ಮರ್ಯಾದಿಗೋ?

ದಿನ ಮುಗದ ಮ್ಯಾಲ ಜತ್ತದ ಅಂಗಡಿ ತೆಗದರ
ಉದ್ರಿ ವಹಿಯೊಳಗ,
ಬೆಲ್ಲ, ಚಾಪುಡಿ, ಕಡ್ಡಿಪೆಟ್ಟಿಗಿ ನಡುವ
ನಡುಗೋ ಅಕ್ಷರ:
‘ನಾ ಕೊಡಬೇಕಾದ್ದು – ನೀಲಾಂಬಿಕಾ, ಆರು ತಿಂಗಳಾಕಿ.
ಹಾಲು, ನಲವತ್ತೊಂದು ಬಟ್ಟಲ.’
ದರದ ಮನಿ ಖಾಲಿ.