ಎರಡು ಬೆರಳಿನ ಸಂದು

ಅಪಿಂಗ್ಟನ್ನಿನಲ್ಲಿ ಫೆಬ್ರವರಿಯೆಂದರೆ
ಸಿಮೆಂಟು ಹಾಸಿನ ಮೇಲೆ ದ್ರಾಕ್ಷಿ ಹರವಿ
ಬಿಸಿಲಿಗೆ ಒಪ್ಪಿಸಿ ಬರುವ ತಿಂಗಳು.
ಆರೆಂಜ್ ನದಿಯ ನೀರು ಕುಡಿದು ಉಬ್ಬಿದ್ದು
ಕೆಲವೇ ದಿನಕ್ಕೆ ಸುಕ್ಕುಗಟ್ಟಿ ಸಿಹಿಯಾಗುತ್ತದೆ.
ಎಂಜಿನ್ನು ಹಾಗಲ್ಲ.

ಡ್ರೀಕಿ ಚಿಕ್ಕಮ್ಮನ ನಿಸ್ಸಾನ್ ಪಿಕಪ್ಪಿಗೆ
ಊರವರಿಟ್ಟ ಹೆಸರು ‘ಸಾಯಲಾರದ್ದು’.
ಬೆಳಿಗ್ಗೆ ಆರಕ್ಕೆ ಕುದುರೆ;
ಮಧ್ಯಾಹ್ನ ಎರಡಕ್ಕೆ, ಪೊಫಾಡರ್ ಕಡೆಯ ಏರಿನಲ್ಲಿ,
ಆರು ಮೂಟೆ ಒಣದ್ರಾಕ್ಷಿ ಬೆನ್ನಿಗೇರಿಸಿಕೊಂಡು
ಮೂರನೇ ಗೇರು, ಎರಡನೇ ಗೇರು,
ಆಮೇಲೆ ಬರೀ ಏದುಸಿರು.
ಹಿಂದಿನ ಲಾರಿಯ ಹಾರ್ನು ಇವತ್ತಿಗೂ ನನ್ನ ಕಿವಿಯಲ್ಲಿದೆ.
ನನಗಾಗ ಹನ್ನೊಂದು.

ಕಾರ್ಬುರೇಟರ್ ಹೋಗಿದೆ, ಅಂದ ಅವಳ ಮೈದುನ ಕೂಸ್.
ಪೆಟ್ರೋಲಿನಲ್ಲಿ ನೀರು, ಅಂದ ಬೇರೆ ಬಂಕಿನವನು.
ಪೇಪರಿನಿಂದ ತಲೆಯೆತ್ತದೆ ಗೇರ್ಟ್ ಚಿಕ್ಕಪ್ಪ:
ಮಾರಿಬಿಡು. ನಿನ್ನ ಕೈಯಲ್ಲಿ ಗಾಡಿಗೂ ಸುಸ್ತು.

ಅವಳು ಏನೂ ಅನ್ನಲಿಲ್ಲ.
ಜಾಮ್ ಕಾಯಿಸುವ ಥರ್ಮಾಮೀಟರು ತಂದು
ಏರ್ ಕ್ಲೀನರಿನ ಮೂತಿಗೆ ತಂತಿಯಲ್ಲಿ ಬಿಗಿದಳು.
ಏರಿನ ನೆತ್ತಿಯಲ್ಲಿ ಗಾಡಿ ನಿಲ್ಲುವ ಮೊದಲೇ
ಹಾರಿ, ಓಡಿ, ಬಾನೆಟ್ಟು ಎತ್ತಿ ಓದುವುದು ನನ್ನ ಕೆಲಸ.
ಹೊರಗೆ ನಲವತ್ತಮೂರು.
ಒಳಗೆ ಎಪ್ಪತ್ತೊಂದು.

‘ನೋಡಿದೆಯಾ,
ಒಲೆಯ ಬಾಯಿಗೇ ಮೂಗಿಟ್ಟು ಉಸಿರಾಡ್ತಿದೆ ಬಡಪಾಯಿ.
ಬಿಸಿ ಗಾಳಿಯೆಂದರೆ ನೀರು ಮಜ್ಜಿಗೆ, ಮಗಾ;
ಲೋಟ ತುಂಬುತ್ತೆ, ಹೊಟ್ಟೆ ತುಂಬಲ್ಲ.’

ಅತ್ತೆಯ ಕಾಲದ ಬ್ರೆಡ್ಡಿನ ತಟ್ಟೆ ಕತ್ತರಿಗೆ ಬಂತು.
ತಗಡನ್ನು ಬಡಿದು, ಬಗ್ಗಿಸಿ,
ಉರಿಯುವ ಮ್ಯಾನಿಫೋಲ್ಡಿಗೂ ಉಸಿರ ಕೊಳವೆಗೂ ನಡುವೆ
ಗೋಡೆಯೆಬ್ಬಿಸಿದಳು.
ಮರುದಿನ ಅರವತ್ತೆಂಟು.
ತಗಡು ಎಂಜಿನ್ನಿಗೆ ಒರಗಿ ನಿಂತಿತ್ತು,
ತಾನೇ ಕಾವಲಿಯಾಗಿತ್ತು.
ಮುಟ್ಟಿ ನೋಡಿದ ನನ್ನ ಹೆಬ್ಬೆರಳಿಗೆ
ಚಿಕ್ಕಮ್ಮ ಬೆಣ್ಣೆ ಹಚ್ಚಿದಳು, ಬೈಯುತ್ತ, ಅನ್ಯಮನಸ್ಕಳಾಗಿ.

ರಾತ್ರಿ ಟಾರ್ಚು ಹಿಡಿದವನು ನಾನೇ.
ಎರಡು ಬೆರಳು ಜೋಡಿಸಿ ಅಳೆದಳು:
ಇಷ್ಟು ದೂರ ನಿಲ್ಲಬೇಕು ಗೋಡೆ.
ನಡುವೆ ಗಾಳಿ ನಡೆಯಲಿ. ತಡೆಯುವುದು ತಗಡಲ್ಲ, ಈ ಸಂದು.
ಅಂಚಿಗೆ ಸೀಳಿದ ರಬ್ಬರು ಪೈಪು, ಗಡಗಡಿಸದಂತೆ.
ಕೆಟ್ಟುಹೋದ ಡ್ರೈಯರಿನ ಅಲ್ಯುಮಿನಿಯಂ ಕೊಳವೆ
ಹಾವಿನಂತೆ ಸುತ್ತಿ ಬಲಗಡೆ ಹೆಡ್‌ಲೈಟಿನ ಪಕ್ಕಕ್ಕೆ ಹೊರಟಿತು,
ತಂಪು ಹುಡುಕಿಕೊಂಡು.
ತಂಪೆಂದರೆ ಏನು, ನಲವತ್ತಮೂರೇ.
ಅವರವರ ಊರಿನ ತಂಪು.

ಏರಿನಲ್ಲಿ ಮೂರನೇ ಗೇರು ಬಿಡಲಿಲ್ಲ ಗಾಡಿ.
ನಾನು ಓಡಿ ಓದಿ ಕೂಗಿದೆ: ನಲವತ್ತೊಂಬತ್ತು!
ಅವಳು ಇಳಿದು ಬಂದು,
ಬಾನೆಟ್ಟಿನ ಒಳಮೈಗೆ ಮೊಳೆಯಿಂದ ಗೀಚಿದಳು:
ಮೇಲೆ ಎಪ್ಪತ್ತೊಂದು, ಕೆಳಗೆ ನಲವತ್ತೊಂಬತ್ತು.

ಎಲ್ಲ ಸರಿಹೋಯಿತು ಅಂತಲ್ಲ.
ತೂಕದ ಕಟ್ಟೆಯ ಮುಂದೆ ಸಾಲಿನಲ್ಲಿ ನಿಂತರೆ
ಹತ್ತೇ ನಿಮಿಷಕ್ಕೆ ಮತ್ತೆ ಅದೇ ಬೇಗೆ;
ನಿಂತ ಗಾಡಿಗೆ ಯಾವ ಗೋಡೆಯೂ ಆಗಿಬರುವುದಿಲ್ಲ.
‘ಓಡ್ತಾ ಇರಬೇಕು’ ಅನ್ನುತ್ತ
ಸೀಟಿನ ಕೆಳಗಿನಿಂದ ಬಿಸ್ಕತ್ತು ತೆಗೆಯುತ್ತಿದ್ದಳು.

ಹೋದ ವರ್ಷ ಕಾಕಾಮಾಸಿನ ಹುಡುಗನೊಬ್ಬ ಅದನ್ನು ಕೊಂಡ.
ವಾರ ಬಿಟ್ಟು ನನಗೆ ಫೋನು:
ಅಣ್ಣಾ, ಬಾನೆಟ್ಟಿನೊಳಗೆ ಏನೋ ನಂಬರಿದೆ, ಲಾಟರಿಯದ್ದೇ?

ಚಿಕ್ಕಮ್ಮನನ್ನು ಕೇಳಿದೆ.
ಎಂಬತ್ತೆರಡು. ಮೆಟ್ಟಿಲ ಮೇಲೆ, ಗಾಳಿಗೆ ಬೆನ್ನು ಕೊಟ್ಟು ಕೂತಿದ್ದಳು.
‘ಮೇಲಿನದು, ಎಲ್ಲರ ಮಾತು ಕೇಳ್ತಾ ಇದ್ದಾಗಿನದು.’
ಕೆಳಗಿನದನ್ನು ಹೇಳಲಿಲ್ಲ.
ತುಸು ಹೊತ್ತಿನ ಮೇಲೆ,
‘ತಗಡು ಕೀಳಬೇಡ ಅನ್ನು ಅವನಿಗೆ.
ಅದು ಅತ್ತೆಯ ತಟ್ಟೆ.’